‘ಹಾರುತ್ತೇನೆ’ ಎಂದವರು ಹಾರಿದರೇ? ಮೊದಲ ಪಾತ್ರದಾಟ ನಡೆಸುವ ಬಗೆ

ಮೇಜಿನ ಸುತ್ತ ಐದು ಜನ ಕುಳಿತಿದ್ದಾರೆ. ಒಬ್ಬರು, “ಹಳ್ಳ ತುಂಬಿ ಹರಿಯುತ್ತಿದೆ, ಕಾಲುಸಂಕ ಅರ್ಧ ಕೊಚ್ಚಿಹೋಗಿದೆ” ಎನ್ನುತ್ತಾರೆ. ಇನ್ನೊಬ್ಬರು, “ನಾನು ಆಚೆ ದಡಕ್ಕೆ ಹಾರುತ್ತೇನೆ” ಎನ್ನುತ್ತಾರೆ. ಹಾಗೆಂದ ಮಾತ್ರಕ್ಕೆ ಅವರು ಹಾರಿದಂತಾಯಿತೇ? ಕನ್ನಡದ ಕ್ರಿಯಾಪದ ಇಲ್ಲಿ ನಮಗೆ ಬಹಳ ಅನುಕೂಲವಾಗಿ ಒದಗಿಬರುತ್ತದೆ. ‘ಹಾರುತ್ತೇನೆ’ ಎಂಬುದು ವರ್ತಮಾನವೂ ಹೌದು, ಭವಿಷ್ಯವೂ ಹೌದು. ಅದರಲ್ಲಿ ಹಾರುವ ಮನಸ್ಸಿದೆಯೇ ಹೊರತು ಹಾರಿ ಮುಗಿದ ಖಾತ್ರಿಯಿಲ್ಲ. ಅದು ‘ಹಾರಿದೆ’ ಆಗಬೇಕಾದರೆ ನಡುವೆ ಏನಾದರೊಂದು ನಡೆಯಬೇಕು: ಯಾರಾದರೂ ಒಪ್ಪಬೇಕು, ದಾಳ ಉರುಳಬೇಕು, ಅಥವಾ ಮೇಜಿನ ಸುತ್ತ ಇರುವವರೆಲ್ಲ ಆಕ್ಷೇಪವೆತ್ತದೆ ಸುಮ್ಮನಿರಬೇಕು. ‘ಹಾರುತ್ತೇನೆ’ಯಿಂದ ‘ಹಾರಿದೆ’ವರೆಗಿನ ಈ ಸಣ್ಣ ದಾರಿಯನ್ನು ಕಟ್ಟಿಕೊಳ್ಳಲು ಬಂದರೆ ಆಟ ನಡೆಸಲು ಬಂದಂತೆಯೇ ಎಂದು ನಾನು ತಿಳಿದಿದ್ದೇನೆ, ಮತ್ತು ಈ ಬರಹವೆಲ್ಲ ಆ ದಾರಿಯ ಕುರಿತಾಗಿಯೇ ಇದೆ.

ರೋಲ್ ಪ್ಲೇಯಿಂಗ್ ಗೇಮ್, ಆಡುವವರ ಬಾಯಲ್ಲಿ ಆರ್‌ಪಿಜಿ, ಎಂಬುದನ್ನು ಇಲ್ಲಿ ಪಾತ್ರದಾಟ ಎಂದು ಕರೆಯುತ್ತೇನೆ. ಕಂಪ್ಯೂಟರಿನಲ್ಲಿ ಆಡುವ ಆರ್‌ಪಿಜಿಗಳು ಇದರ ಸಂತಾನ. ನಾನು ಹೇಳುತ್ತಿರುವುದು ಕಾಗದ, ಪೆನ್ಸಿಲ್, ದಾಳ ಮತ್ತು ಮಾತನ್ನು ಬಳಸಿ ಮೇಜಿನ ಸುತ್ತ ಕುಳಿತು ಆಡುವ ಮೂಲ ಆಟದ ಬಗ್ಗೆ. ಒಬ್ಬರು ಗೇಮ್ ಮಾಸ್ಟರ್, ಅಂದರೆ ಜಿಎಂ, ಆಗಿ ಲೋಕವನ್ನೂ ಅದರೊಳಗಿನ ಉಳಿದೆಲ್ಲ ಜನರನ್ನೂ ವಹಿಸಿಕೊಳ್ಳುತ್ತಾರೆ. ಮಿಕ್ಕವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ಆ ಪಾತ್ರ ಏನು ಮಾಡುತ್ತದೆ, ಏನು ಮಾತಾಡುತ್ತದೆ ಎಂಬುದನ್ನು ಹೇಳುತ್ತಾ ಹೋಗುತ್ತಾರೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ಅರ್ಧ ಭಾಗ ಹೊಸತೆನಿಸುವುದಿಲ್ಲ. ವೇಷವಿಲ್ಲದೆ ಕುಳಿತಲ್ಲೇ ಕುಳಿತು, ಬರೆದಿಟ್ಟ ಸಂಭಾಷಣೆಯಿಲ್ಲದೆ, ಎದುರಿನವರ ಮಾತಿಗೆ ಆ ಕ್ಷಣದಲ್ಲೇ ಮಾತು ಹೊಂದಿಸುವ ಅರ್ಥಧಾರಿ ಮಾಡುವುದೂ ಇದನ್ನೇ. ಆದರೆ ಕರ್ಣನ ಅರ್ಥ ಹೇಳುವವರು ಎಷ್ಟು ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆ ಬದಲಾಗದು. ಪಾತ್ರದಾಟದಲ್ಲಿ ಕೊನೆ ಯಾರಿಗೂ, ಜಿಎಂಗೂ ಸಹ, ಮೊದಲೇ ತಿಳಿದಿರಬಾರದು. ಹೊಸ ಜಿಎಂಗಳಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ: ಅವರು ಪ್ರಸಂಗ ಬರೆದುಕೊಂಡು ಬಂದು ಕುಳಿತಿರುತ್ತಾರೆ.

ಆಟದ ಹುಟ್ಟಿನ ಕಥೆಯಲ್ಲೇ ಈ ಪಾಠವಿದೆ. 1969ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸ್ಲಿ ಎಂಬವರು ನೆಪೋಲಿಯನ್ ಕಾಲದ ಯುದ್ಧದಾಟವೊಂದನ್ನು ಏರ್ಪಡಿಸಿದರು. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಊರಿನ ಸುತ್ತ ಸೇನೆಗಳು ಸೇರುವ ಮುನ್ನ, ಹೆಚ್ಚಿಗೆ ಬಂದಿದ್ದ ಆಟಗಾರರಿಗೂ ಏನಾದರೂ ಕೆಲಸವಿರಲೆಂದು ಊರಿನ ಮುಖಂಡ, ವಿಶ್ವವಿದ್ಯಾಲಯದ ಮುಖ್ಯಸ್ಥ ಮುಂತಾದ ಪಾತ್ರಗಳನ್ನು ಹಂಚಿದರು. ಯುದ್ಧ ಶುರುವಾಗಲೇ ಇಲ್ಲ. ಆಟಗಾರರು ಊರೆಲ್ಲ ತಿರುಗಾಡುತ್ತಾ, ಒಬ್ಬರೊಡನೊಬ್ಬರು ಪಿಸುಗುಡುತ್ತಾ, ದ್ವಂದ್ವಯುದ್ಧಕ್ಕೆ ಕರೆಯುತ್ತಾ, ನಿಯಮದಲ್ಲಿ ಇಲ್ಲದ್ದನ್ನೆಲ್ಲ ‘ಮಾಡುತ್ತೇನೆ’ ಎನ್ನತೊಡಗಿದರು. ವೆಸ್ಲಿ ತಮ್ಮ ಆಟ ಕೆಟ್ಟಿತೆಂದುಕೊಂಡರು. ಆಡಿದವರು ಮಾತ್ರ ಇನ್ನೊಮ್ಮೆ ಬೇಕೆಂದು ಕೇಳಿದರು. ಅಲ್ಲಿ ಆಡುತ್ತಿದ್ದ ಬಳಗದ ಡೇವ್ ಆರ್ನೆಸನ್ ಈ ಬಗೆಯನ್ನು ಬ್ಲಾಕ್‌ಮೂರ್ ಎಂಬ ತಮ್ಮ ಮಾಯಾಲೋಕಕ್ಕೆ ಒಯ್ದರು, ಮತ್ತು ಗ್ಯಾರಿ ಗೈಗಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರದಾಟವನ್ನು ಪ್ರಕಟಿಸಿದರು.

ಸಿದ್ಧಾಂತ ಎಷ್ಟು ಬೇಕೋ ಅಷ್ಟು

ಈ ಆಟದ ಬಗ್ಗೆ ತಲೆ ಕೆಡಿಸಿಕೊಂಡವರು ಕಡಿಮೆಯಿಲ್ಲ. 1990ರ ದಶಕದ ಕೊನೆಯಲ್ಲಿ ಅಂದಿನ ಇಂಟರ್ನೆಟ್ ಚರ್ಚಾವೇದಿಕೆಯಾದ ಯೂಸ್‌ನೆಟ್‌ನಲ್ಲಿ ಚರ್ಚಿಸುತ್ತಿದ್ದವರು ಜಿಎಂ ತೆಗೆದುಕೊಳ್ಳುವ ತೀರ್ಮಾನಗಳ ಹಿಂದೆ ಮೂರು ಬಗೆಯ ಕಾಳಜಿಗಳಿರುತ್ತವೆ ಎಂದು ಗುರುತಿಸಿದರು: ಕಥೆ ರಸವತ್ತಾಗಬೇಕೆಂಬುದು, ಸವಾಲು ನ್ಯಾಯವಾಗಿರಬೇಕೆಂಬುದು, ಲೋಕವು ತನ್ನದೇ ಕಾರ್ಯಕಾರಣಕ್ಕೆ ಬದ್ಧವಾಗಿರಬೇಕೆಂಬುದು. ಇದನ್ನೇ ಹಿಡಿದು ಆಟ ವಿನ್ಯಾಸಕ ರಾನ್ ಎಡ್ವರ್ಡ್ಸ್ ಅವರು ಜಿಎನ್‌ಎಸ್ (ಗೇಮಿಸ್ಟ್ ಅಂದರೆ ಸವಾಲಿನತ್ತ, ನ್ಯಾರೇಟಿವಿಸ್ಟ್ ಅಂದರೆ ಕಥೆಯತ್ತ, ಸಿಮ್ಯುಲೇಷನಿಸ್ಟ್ ಅಂದರೆ ಲೋಕದತ್ತ ವಾಲುವುದು) ಎಂದು ಹೆಸರಾದ ವಿಂಗಡಣೆಯನ್ನು ಬೆಳೆಸಿದರು. ಯಾವ ನಿಯಮಾವಳಿಯನ್ನು ಬಳಸುತ್ತೇವೆಂಬುದು ಮುಖ್ಯವಲ್ಲ, ಒಳ್ಳೆಯ ಜಿಎಂ ಇದ್ದರೆ ಸಾಕು ಎಂಬ ಅಂದಿನ ಸಾಮಾನ್ಯ ನಂಬಿಕೆಯನ್ನು ಅವರು ನೇರವಾಗಿ ಅಲ್ಲಗಳೆದರು. ಅವರ ಮಾತು ಸರಿ ಎಂದೇ ನನ್ನ ಅನುಭವ. ನಿಯಮಪುಸ್ತಕದ ಹೆಚ್ಚಿನ ಪುಟಗಳು ಯಾವುದಕ್ಕೆ ಮೀಸಲೋ ಆಟವೂ ಅತ್ತಲೇ ವಾಲುತ್ತದೆ. ಹೊಡೆದಾಟಕ್ಕೆ ನೂರು ಪುಟ ಕೊಟ್ಟ ಪುಸ್ತಕವನ್ನು ಇಟ್ಟುಕೊಂಡು ಕೂಡುಕುಟುಂಬದ ಪಾಲುಪಟ್ಟಿಯ ಕಥೆ ಆಡಲು ಕುಳಿತರೆ ಎರಡನೇ ಗಂಟೆಯ ಹೊತ್ತಿಗೆ ಅಣ್ಣತಮ್ಮಂದಿರು ಕತ್ತಿ ಹಿಡಿದಿರುತ್ತಾರೆ.

ಆದರೆ ಈ ವಿಂಗಡಣೆಗಳನ್ನು ಮನುಷ್ಯರ ಹಣೆಗೆ ಅಂಟಿಸಬಾರದು. “ಅವನು ಗೇಮಿಸ್ಟ್, ಅವಳು ನ್ಯಾರೇಟಿವಿಸ್ಟ್” ಎಂದು ಚೀಟಿ ಹಚ್ಚುವುದರಿಂದ ಜಗಳಗಳಾಗಿವೆಯೇ ಹೊರತು ಆಟ ಸುಧಾರಿಸಿದ್ದನ್ನು ನಾನು ಕಂಡಿಲ್ಲ. ಒಬ್ಬನೇ ಆಟಗಾರ ಕಾಲುಸಂಕದ ಮುಂದೆ ನಿಂತು ಮೊದಲು “ನೀರು ಎಷ್ಟು ಆಳವಿದೆ, ಹಗ್ಗ ಇದೆಯೇ” ಎಂದು ಕೇಳುತ್ತಾನೆ, ಮರುಕ್ಷಣವೇ “ಆಚೆ ದಡದಲ್ಲಿ ನನ್ನ ಅಣ್ಣ ಇರಬಹುದೇ” ಎನ್ನುತ್ತಾನೆ, ಅದಾದ ಮೇಲೆ “ಮಧ್ಯಾಹ್ನದಿಂದ ಮಳೆ ಸುರಿದಿದೆ ಎಂದಿರಲ್ಲ, ಹಾಗಾದರೆ ನೀರು ಇನ್ನೂ ಏರಬೇಕಲ್ಲವೇ” ಎಂದು ಲೆಕ್ಕ ಹಾಕುತ್ತಾನೆ. ಮೊದಲನೆಯದು ಸವಾಲಿನ ಪ್ರಶ್ನೆ, ಎರಡನೆಯದು ಕಥೆಯ ಪ್ರಶ್ನೆ, ಮೂರನೆಯದು ಲೋಕದ ಪ್ರಶ್ನೆ. ಜಿಎಂ ಮಾಡಬೇಕಾದ್ದು, ಯಾವ ಪ್ರಶ್ನೆ ಬಂದಿದೆಯೋ ಅದೇ ಬಗೆಯ ಉತ್ತರ ಕೊಡುವುದು. ಆಳವೆಷ್ಟು ಎಂದು ಕೇಳಿದವನಿಗೆ “ಹಳ್ಳದ ಭೋರ್ಗರೆತ ನಿನ್ನ ಬಾಲ್ಯವನ್ನು ನೆನಪಿಸುತ್ತದೆ” ಎಂದರೆ ಅವನು ಬೇಸರಪಡುವುದು ಸಹಜ.

ಇಷ್ಟೆಲ್ಲ ಸಿದ್ಧಾಂತಗಳಲ್ಲಿ ಒಂದನ್ನು ಮಾತ್ರ ನೆನಪಿಡಿ ಎಂದರೆ ನಾನು ಆಟ ವಿನ್ಯಾಸಕ ವಿನ್ಸೆಂಟ್ ಬೇಕರ್ ಅವರ ಹೆಸರಿಗೆ ಸೇರಿಕೊಂಡಿರುವ ತತ್ವವನ್ನು ತೋರಿಸುತ್ತೇನೆ. ಅದರ ಸಾರಾಂಶ ಇಷ್ಟು: ಕಲ್ಪಿತ ಲೋಕದಲ್ಲಿ ಏನು ನಡೆಯಿತೆಂಬುದನ್ನು ಗುಂಪು ಯಾವ ರೀತಿಯಲ್ಲಿ ಒಪ್ಪಿಕೊಳ್ಳುತ್ತದೋ ಆ ರೀತಿಯೇ ನಿಜವಾದ ನಿಯಮಾವಳಿ. ಪುಸ್ತಕ, ದಾಳ, ಅಂಕಿಗಳೆಲ್ಲ ಆ ಒಪ್ಪಿಗೆಗೆ ಸಹಾಯಕ ಸಾಮಗ್ರಿಗಳು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮೇಜಿನಲ್ಲಿ ಆಡಿದ ಪ್ರತಿಯೊಂದು ಮಾತೂ ಒಂದು ‘-ತ್ತೇನೆ’; ಅದನ್ನು ಎಲ್ಲರ ಪಾಲಿನ ‘-ದ’ ಆಗಿಸುವ ವಿಧಾನವೇ ಆಟ. “ಹಾರಿಬಿಟ್ಟೆ” ಎಂದು ಒಬ್ಬರು ತಾವೇ ಮುಗಿಸಿಬಿಟ್ಟಾಗ ಉಳಿದವರ ಮುಖದಲ್ಲಿ ಮೂಡುವ ಕಿರಿಕಿರಿಗೆ ಕಾರಣ ಇದೇ: ಒಪ್ಪಿಗೆಯ ಸರದಿಯನ್ನು ಅವರು ಹಾರಿಬಿಟ್ಟಿರುತ್ತಾರೆ.

ಕೂರುವ ಮುನ್ನ

ಜಿಎಂ ಸೇರಿ ನಾಲ್ಕೈದು ಜನ ಸಾಕು. ಆರು ದಾಟಿದರೆ ಪ್ರತಿಯೊಬ್ಬರೂ ತಮ್ಮ ಸರದಿಗೆ ಕಾಯುವುದೇ ಹೆಚ್ಚಾಗುತ್ತದೆ. ಮೊದಲ ಸಲಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಆಟಕ್ಕೆ ಮುಂಚೆ ಒಂದು ಅರ್ಧ ಗಂಟೆಯನ್ನಾದರೂ ಎಂಥ ಆಟ ಆಡಲಿದ್ದೇವೆ ಎಂದು ಮಾತಾಡಿಕೊಳ್ಳಲು ಬಿಡಬೇಕು. ಆಡುವವರು ಇದನ್ನು ಸೆಷನ್ ಝೀರೋ ಎನ್ನುತ್ತಾರೆ. ಹೆದರಿಸುವ ಕಥೆಯೋ, ನಗಿಸುವುದೋ, ಪಾತ್ರಗಳು ಸಾಯಬಹುದೋ, ಪಾತ್ರಗಳಿಗೆ ಪರಸ್ಪರ ಪರಿಚಯವಿದೆಯೋ ಎಂಬುದು ಇಲ್ಲೇ ತೀರ್ಮಾನವಾಗಲಿ. ಎಡ್ವರ್ಡ್ಸ್ ಅವರೇ ಮುಂದಿಟ್ಟ ಗೆರೆ ಮತ್ತು ಪರದೆ ಎಂಬ ಎರಡು ಮಾತುಗಳು ಇಲ್ಲಿ ಉಪಯುಕ್ತ. ಕಥೆಯಲ್ಲಿ ಬರಲೇಬಾರದ ಸಂಗತಿಗೆ ಗೆರೆ ಎಳೆಯುತ್ತೇವೆ. ಬಂದರೂ ವಿವರಿಸದೆ ಮುಂದೆ ಸಾಗಬೇಕಾದ ಸಂಗತಿಯ ಮೇಲೆ ಪರದೆ ಬಿಡುತ್ತೇವೆ. ಮಕ್ಕಳಿಗೆ ಆಗುವ ಹಿಂಸೆ ಬೇಡವೆಂದು ಒಬ್ಬರು ಹೇಳಿದರೆ ಕಾರಣ ಕೇಳದೆ ಒಪ್ಪಿಕೊಳ್ಳಬೇಕು. ಆಟದ ನಡುವೆ ಅನಿರೀಕ್ಷಿತವಾಗಿ ಮುಜುಗರ ಎದುರಾದರೆ ಏನು ಮಾಡುವುದೆಂಬುದಕ್ಕೆ ಜಾನ್ ಸ್ಟಾವ್ರೋಪೌಲೋಸ್ 2013ರಲ್ಲಿ ರೂಪಿಸಿದ ಎಕ್ಸ್ ಕಾರ್ಡ್ ಇದೆ: ಮೇಜಿನ ನಡುವೆ ಎಕ್ಸ್ ಬರೆದ ಒಂದು ಚೀಟಿ ಇರುತ್ತದೆ, ಯಾರು ಮುಟ್ಟಿದರೂ ಆ ಸಂಗತಿಯನ್ನು ಕೈಬಿಟ್ಟು ಮುಂದೆ ಹೋಗಬೇಕು. ನಮ್ಮಲ್ಲಿ ಹಿರಿಯರು ಕಿರಿಯರು ಒಟ್ಟಿಗೆ ಕುಳಿತಾಗ “ಅಣ್ಣ, ಇದು ಬೇಡ” ಎನ್ನಲು ನಾಲಿಗೆ ಏಳುವುದಿಲ್ಲವಾದ್ದರಿಂದ, ಬಾಯಿ ತೆರೆಯದೆ ಬೇಡ ಎನ್ನುವ ಈ ದಾರಿ ಇನ್ನಷ್ಟು ಅಗತ್ಯವೆಂದು ನನಗೆ ತೋರುತ್ತದೆ.

ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಅವರು 1983ರಲ್ಲೇ ತೋರಿಸಿಕೊಟ್ಟಂತೆ, ಮೇಜಿನಲ್ಲಿ ಕುಳಿತ ಪ್ರತಿಯೊಬ್ಬರೂ ಏಕಕಾಲಕ್ಕೆ ಮೂರು ನೆಲೆಗಳಲ್ಲಿರುತ್ತಾರೆ: ಮನುಷ್ಯರಾಗಿ, ಆಟಗಾರರಾಗಿ, ಪಾತ್ರವಾಗಿ. ಯಾರಾದರೂ ಮೌನವಾದರೆ ಯಾವ ನೆಲೆಯಲ್ಲಿ ಮೌನವಾದರೆಂದು ನೋಡಿ. ಪಾತ್ರ ಮುನಿಸಿಕೊಂಡಿದ್ದರೆ ಅದು ಕಥೆ. ಆಟಗಾರರಿಗೆ ನಿಯಮ ಅರ್ಥವಾಗದಿದ್ದರೆ ವಿವರಿಸಬೇಕು. ಮನುಷ್ಯರಿಗೆ ಹಸಿವಾಗಿದ್ದರೆ ಚಹಾ ತರಿಸಬೇಕು.

ದಾಳದ ಲೆಕ್ಕ

ಈಗ ದಾಳದ ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಇಂದಿನ ರೂಪದಲ್ಲಿ ಇಪ್ಪತ್ತು ಮುಖದ ದಾಳವೊಂದನ್ನು ಉರುಳಿಸಿ, ಪಾತ್ರದ ಸಾಮರ್ಥ್ಯದ ಅಂಕಿಯನ್ನು ಕೂಡಿಸಿ, ಮೊತ್ತ ಗೊತ್ತುಪಡಿಸಿದ ಗುರಿಯನ್ನು ಮುಟ್ಟಿತೇ ಎಂದು ನೋಡುತ್ತಾರೆ. ಒಂದೇ ದಾಳವಾದ್ದರಿಂದ 1ರಿಂದ 20ರವರೆಗಿನ ಪ್ರತಿ ಅಂಕಿಗೂ ಶೇ. 5ರಷ್ಟೇ ಅವಕಾಶ. ಗುರಿ 15 ಇದ್ದಾಗ ಏನೂ ಕೂಡಿಸಲಾಗದ ಪಾತ್ರ ಗೆಲ್ಲುವ ಸಂಭವ ಶೇ. 30, 5 ಕೂಡಿಸುವ ನುರಿತ ಪಾತ್ರಕ್ಕೆ ಅದು ಶೇ. 55. ಅಂದರೆ ನುರಿತವರೂ ಹೆಚ್ಚುಕಡಿಮೆ ಎರಡರಲ್ಲಿ ಒಂದು ಸಲ ಸೋಲುತ್ತಾರೆ. ಅಚ್ಚರಿ ಹೆಚ್ಚು ಬೇಕೆನ್ನುವವರಿಗೆ ಇದು ಹಿಡಿಸುತ್ತದೆ. ಈ ಆಟದ ಮೂಲ ನಿಯಮಗಳ ಒಂದು ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿರುವುದರಿಂದ, ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತರಬಹುದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆದರೂ ಮೊದಲ ಆಟಕ್ಕೆ ನಾನು ಸೂಚಿಸುವುದು ಎರಡು ಸಾಮಾನ್ಯ ದಾಳಗಳ ವಿಧಾನವನ್ನು. ವಿನ್ಸೆಂಟ್ ಮತ್ತು ಮೆಗ್ವಿ ಬೇಕರ್ ದಂಪತಿಯ ಅಪೊಕ್ಯಾಲಿಪ್ಸ್ ವರ್ಲ್ಡ್ ಎಂಬ 2010ರ ಆಟದಿಂದ ಇದು ಹೆಸರಾಯಿತು, ಮತ್ತು ಮನೆಯ ಲೂಡೋ ಪೆಟ್ಟಿಗೆಯಲ್ಲಿರುವ ದಾಳವೇ ಇದಕ್ಕೆ ಸಾಲುತ್ತದೆ; ಒಂದೇ ಇದ್ದರೆ ಎರಡು ಸಲ ಉರುಳಿಸಿದರಾಯಿತು. ಎರಡೂ ದಾಳಗಳ ಮೊತ್ತಕ್ಕೆ ಪಾತ್ರದ ಅಂಕಿ ಕೂಡಿಸಿ. 10 ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ಪೂರ್ತಿ ಆಗುತ್ತದೆ. 7ರಿಂದ 9 ಬಂದರೆ ಆಗುತ್ತದೆ, ಆದರೆ ಏನಾದರೂ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಮುಂದೇನಾಗುತ್ತದೆಂದು ಜಿಎಂ ಹೇಳುತ್ತಾರೆ, ಅದು ಹಿತವಾಗಿರುವುದಿಲ್ಲ. ಎರಡು ದಾಳಗಳು 36 ರೀತಿಯಲ್ಲಿ ಬೀಳಬಲ್ಲವು. ಏನೂ ಕೂಡಿಸದಿದ್ದರೆ ಅವುಗಳಲ್ಲಿ 6 ಪೂರ್ಣ ಗೆಲುವು, 15 ಅರೆಗೆಲುವು, 15 ಸೋಲು. ಒಂದು ಕೂಡಿಸಿದರೆ 10, 16, 10. ಎರಡು ಕೂಡಿಸಿದರೆ 15, 15, 6. ಅಂಕಿ ಬದಲಾದರೂ ನಡುವಿನ ಭಾಗ ಹೆಚ್ಚುಕಡಿಮೆ ಅಷ್ಟೇ ಉಳಿಯುವುದನ್ನು ಗಮನಿಸಿ; ‘ಆಯಿತು, ಆದರೆ’ ಎಂಬ ಉತ್ತರವೇ ಯಾವಾಗಲೂ ಹೇರಳವಾಗಿ ಬರುವಂತೆ ಈ ವಿಧಾನವನ್ನು ಕಟ್ಟಲಾಗಿದೆ, ಮತ್ತು ಕಥೆಯನ್ನು ಮುಂದಕ್ಕೆ ತಳ್ಳುವುದು ಆ ‘ಆದರೆ’ಯೇ. ಚೌಕಾಬಾರದ ಕವಡೆಗಳಿಂದ ಆಡಬಹುದೇ ಎಂದು ನನ್ನನ್ನು ಕೇಳಿದವರಿದ್ದಾರೆ. ಆಡಬಹುದು, ಆದರೆ ಕವಡೆಯ ಎರಡು ಬದಿಗಳ ಆಕಾರ ಒಂದೇ ತೆರನಲ್ಲವಾದ್ದರಿಂದ ಈ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ನಿಮ್ಮ ಮನೆಯ ಕವಡೆಗಳನ್ನು ನೂರಿನ್ನೂರು ಸಲ ಎಸೆದು ಬರೆದಿಟ್ಟುಕೊಂಡರೆ ನಿಮ್ಮದೇ ಲೆಕ್ಕ ಸಿಗುತ್ತದೆ.

ಪಾತ್ರಕ್ಕೆ ಮೂರು ಗುಣ ಸಾಕು: ಮೈಬಲ, ಬುದ್ಧಿ, ಮಾತುಗಾರಿಕೆ. ಆಟಗಾರರು ತಮಗೆ ಬೇಕಾದಂತೆ ಅವುಗಳಿಗೆ 2, 1, 0 ಹಂಚಿಕೊಳ್ಳಲಿ. ಪಾತ್ರದ ಹೆಸರು, ಕಸುಬು, ಈ ಹೊತ್ತಿಗೆ ಅದಕ್ಕೆ ತೀರಾ ಬೇಕಾಗಿರುವ ಒಂದು ಸಂಗತಿ, ಇಷ್ಟನ್ನು ಒಂದು ಕಾಗದದಲ್ಲಿ ಬರೆದರೆ ಪಾತ್ರ ಸಿದ್ಧ.

ದಾಳವನ್ನು ಯಾವಾಗ ಉರುಳಿಸಬೇಕು ಎಂಬುದು ಹೇಗೆ ಉರುಳಿಸಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ನಾನು ಮೊದಲ ಸಲ ಜಿಎಂ ಆದಾಗ ಬೀಗ ಹಾಕಿದ ಬಾಗಿಲೊಂದಕ್ಕೆ ದಾಳ ಉರುಳಿಸಲು ಹೇಳಿದೆ. ಸೋತರು. “ಇನ್ನೊಮ್ಮೆ ನೋಡುತ್ತೇವೆ” ಎಂದರು, ಮತ್ತೆ ಸೋತರು. ಆ ಬಾಗಿಲಿನ ಆಚೆಗೇ ನನ್ನ ಕಥೆಯೆಲ್ಲ ಇದ್ದುದರಿಂದ ಇಪ್ಪತ್ತು ನಿಮಿಷ ಎಲ್ಲರೂ ಬಾಗಿಲನ್ನೇ ನೋಡುತ್ತಾ ಕುಳಿತೆವು, ಕೊನೆಗೆ ನಾನೇ ನಾಚಿಕೆಯಿಂದ ಅದನ್ನು ಗಾಳಿಗೆ ತೆರೆಸಿದೆ. ಅಲ್ಲಿ ಎರಡು ತಪ್ಪುಗಳಿದ್ದವು. ಸೋತರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ, ಮತ್ತು ಸೋಲನ್ನು ‘ಏನೂ ಆಗಲಿಲ್ಲ’ ಎಂದು ತಿಳಿದಿದ್ದೆ. ಈಗ ನಾನು ಪಾಲಿಸುವ ಕ್ರಮ ಹೀಗಿದೆ. ಆಟಗಾರರು ‘ಮಾಡುತ್ತೇನೆ’ ಎಂದಾಗ, ಗೆದ್ದಾಗ ಒಂದು, ಸೋತಾಗ ಇನ್ನೊಂದು ಎಂದು ಕಥೆ ಬೇರೆ ಬೇರೆ ದಾರಿ ಹಿಡಿಯುತ್ತದೆಯೇ ಎಂದು ನೋಡುತ್ತೇನೆ. ಹಿಡಿಯದಿದ್ದರೆ “ಸರಿ, ಮಾಡಿದೆ” ಎಂದು ಅಲ್ಲೇ ಒಪ್ಪಿಬಿಡುತ್ತೇನೆ. ಹಿಡಿಯುವುದಾದರೆ ದಾಳ ಬೀಳುವ ಮುನ್ನವೇ ಅಪಾಯ ಏನೆಂದು ಬಾಯಿಬಿಟ್ಟು ಹೇಳುತ್ತೇನೆ: “ಹಾರಬಹುದು, ಆದರೆ ಕಾಲು ಜಾರಿದರೆ ನೀರು ನಿಮ್ಮನ್ನು ಕೆಳಕ್ಕೆ ಎಳೆದೊಯ್ಯುತ್ತದೆ. ಆದರೂ ಹಾರುತ್ತೀರಾ?” ಇದನ್ನು ಕೇಳಿ ಅವರು ಮನಸ್ಸು ಬದಲಿಸಿದರೆ ಅದೂ ಆಟವೇ. ಉರುಳಿದ ಮೇಲೆ ಬಂದದ್ದೇ ಕೊನೆ; ಪರಿಸ್ಥಿತಿ ಬದಲಾಗದೆ ಅದೇ ಕೆಲಸಕ್ಕೆ ಮತ್ತೊಮ್ಮೆ ಉರುಳಿಸುವಂತಿಲ್ಲ. ಲ್ಯೂಕ್ ಕ್ರೇನ್ ಅವರ ಬರ್ನಿಂಗ್ ವೀಲ್ ಎಂಬ ಆಟ ಈ ಕೊನೆಯ ಮಾತನ್ನು ನಿಯಮವನ್ನಾಗಿಯೇ ಮಾಡಿದೆ.

ಕಾಲುಸಂಕದ ಉದಾಹರಣೆಯನ್ನೇ ಮುಗಿಸುವುದಾದರೆ, 10 ಬಂದರೆ ಆಚೆ ದಡದಲ್ಲಿ ಒಣಗಾಲಿನಲ್ಲಿ ನಿಂತಿದ್ದೀರಿ. 8 ಬಂದರೆ ದಾಟಿದ್ದೀರಿ, ಆದರೆ ಟಾರ್ಚು ನೀರಿಗೆ ಬಿತ್ತು, ಮತ್ತು ಜೊತೆಯವರು ಈಚೆಗೇ ಉಳಿದಿದ್ದಾರೆ. 5 ಬಂದರೆ ಹಳ್ಳ ನಿಮ್ಮನ್ನು ಕೊಚ್ಚಿಕೊಂಡು ಹೋಗಿ ಬೇರೆಲ್ಲೋ ದಡಕ್ಕೆ ಎಸೆದಿದೆ, ಮತ್ತು ಅಲ್ಲಿ ಯಾರೋ ಮೊದಲೇ ನಿಂತಿದ್ದಾರೆ.

ಕಥೆಯನ್ನಲ್ಲ, ಸನ್ನಿವೇಶವನ್ನು ಕಟ್ಟಿ

ಆ ನಿಂತವನು ಯಾರು? ನಾನು ಹೊಸಬರೊಡನೆ ಆಡುವ ಸನ್ನಿವೇಶವನ್ನೇ ತೆಗೆದುಕೊಳ್ಳಿ. ಮಳೆಗಾಲದ ರಾತ್ರಿ, ಘಟ್ಟದ ರಸ್ತೆ. ಮುಂದೆ ಮರ ಬಿದ್ದು, ಹಿಂದೆ ಗುಡ್ಡ ಕುಸಿದು, ಬಸ್ಸು ನಡುವೆ ಸಿಕ್ಕಿಕೊಂಡಿದೆ. ಆಟಗಾರರೆಲ್ಲ ಪ್ರಯಾಣಿಕರು. ಎಣಿಸಿ ನೋಡಿದರೆ ಒಬ್ಬ ಅಜ್ಜ ಇಲ್ಲ. ಅವರು ಕತ್ತಲಲ್ಲಿ ಇಳಿದು, ಕಾಲುಸಂಕ ದಾಟಿ, ಮುಚ್ಚಿಹೋದ ಎಸ್ಟೇಟ್ ಬಂಗಲೆಯತ್ತ ಹೋಗಿದ್ದಾರೆ. ಹಿಂದೆ ತಾವೇ ಬಚ್ಚಿಟ್ಟಿದ್ದ ಜಮೀನಿನ ಕಾಗದಪತ್ರ ಅಲ್ಲಿದೆ. ಹಿಂದಿನ ಸೀಟಿನ ಯುವಕ ಅವರನ್ನು ಹಿಂಬಾಲಿಸುತ್ತಲೇ ಬಂದವನು, ಅವನಿಗೂ ಆ ಕಾಗದ ಬೇಕು. ಕಂಡಕ್ಟರಿಗೆ ಬೇಕಾಗಿರುವುದು ಒಂದೇ: ಬೆಳಗಾಗುವವರೆಗೆ ಯಾರೂ ಬಸ್ಸಿನಿಂದ ಇಳಿಯಬಾರದು.

ಗಮನಿಸಿ, ಇಲ್ಲಿ ಮುಂದೇನಾಗಬೇಕೆಂದು ನಾನು ಬರೆದಿಲ್ಲ. ಯಾರಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಅವರು ಏನು ಮಾಡುತ್ತಾರೆ, ಅಷ್ಟೇ ಇದೆ. ಯಾರೂ ತಡೆಯದಿದ್ದರೆ ನಡುರಾತ್ರಿಯ ಹೊತ್ತಿಗೆ ಯುವಕನ ಕೈಗೆ ಕಾಗದ ಸಿಗುತ್ತದೆ, ಅಜ್ಜ ಬಂಗಲೆಯೊಳಗೆ ಬಂದಿಯಾಗುತ್ತಾರೆ. ಆಟಗಾರರು ಬಸ್ಸಿನಲ್ಲೇ ಕುಳಿತು ಕಂಡಕ್ಟರ್ ಜೊತೆ ಜಗಳವಾಡುತ್ತಾ ರಾತ್ರಿ ಕಳೆದರೂ ಕಥೆ ನಿಲ್ಲುವುದಿಲ್ಲ; ಬೆಳಿಗ್ಗೆ ಯುವಕ ಒದ್ದೆ ಬಟ್ಟೆಯಲ್ಲಿ ಒಬ್ಬನೇ ಮರಳಿ ಬರುತ್ತಾನೆ.

ಕಂಡುಹಿಡಿಯಬೇಕಾದ ಸಂಗತಿಯಿದ್ದಾಗ ಸುಳಿವು ಒಂದೇ ಇದ್ದರೆ ಅದು ನನ್ನ ಹಳೆಯ ಬಾಗಿಲಿನಂತಾಗುತ್ತದೆ. ಜಸ್ಟಿನ್ ಅಲೆಕ್ಸಾಂಡರ್ ಪ್ರಚುರಪಡಿಸಿದ ಮೂರು ಸುಳಿವಿನ ನಿಯಮ ಇದಕ್ಕೆ ಸರಳ ಪರಿಹಾರ: ಆಟಗಾರರು ತಲುಪಲೇಬೇಕಾದ ಪ್ರತಿಯೊಂದು ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವು ಇಡಬೇಕು. ಒಂದನ್ನು ಅವರು ನೋಡುವುದೇ ಇಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ, ಮೂರನೆಯದು ಕೈಹಿಡಿಯುತ್ತದೆ. ಅಜ್ಜ ಬಂಗಲೆಗೆ ಹೋದರೆಂಬುದಕ್ಕೆ, ಅವರು ಊರಿಗಲ್ಲದೆ ‘ಎಸ್ಟೇಟ್ ಗೇಟ್’ ಎಂಬ ನಿರ್ಜನ ಸ್ಟಾಪಿಗೆ ಟಿಕೆಟ್ ಪಡೆದದ್ದು ಕಂಡಕ್ಟರಿನ ನೆನಪಿನಲ್ಲಿದೆ. ಕಾಲುದಾರಿಯ ಬಾಯಲ್ಲಿ ಅವರ ಕೊಡೆ ಮುರಿದು ಬಿದ್ದಿದೆ. ಸೀಟಿನ ಕೆಳಗಿನ ಕೈಚೀಲದಲ್ಲಿ ಬಂಗಲೆಯ ಹಳೆಯ ಫೋಟೋ ಇದೆ. ಮಾತಾಡುವವರಿಗೆ ಒಂದು, ಹೊರಗಿಳಿಯುವವರಿಗೆ ಒಂದು, ಹುಡುಕುವವರಿಗೆ ಒಂದು. ಈ ಮೂರಕ್ಕೂ ದಾಳ ಬೇಡ, ಕೇಳಿದರೆ ಕೊಟ್ಟುಬಿಡಿ. ಸುಳಿವನ್ನು ಹಿಡಿದು ಏನು ಮಾಡುತ್ತಾರೆಂಬುದರಲ್ಲಿ ಆಟವಿದೆ, ಸುಳಿವು ಸಿಕ್ಕಿತೇ ಎಂಬುದರಲ್ಲಿ ಇಲ್ಲ.

ಕನ್ನಡದಲ್ಲಿ ಆಡುವಾಗ

ನಿಯಮಪುಸ್ತಕಗಳು ಇಂಗ್ಲಿಷಿನಲ್ಲಿರುವುದರಿಂದ ಕನ್ನಡಿಗರ ಮೇಜಿನಲ್ಲೂ ಆಟ ಬೇಗ ಇಂಗ್ಲಿಷಿಗೆ ಹೊರಳುತ್ತದೆ. ರೋಲ್, ಸೆಷನ್, ಕ್ಯಾಂಪೇನ್ ಮುಂತಾದ ಪದಗಳು ಹಾಗೆಯೇ ಇರಲಿ; ಅವುಗಳಿಗೆ ಸಂಸ್ಕೃತದಿಂದ ಪದ ಟಂಕಿಸುವುದರಿಂದ ಏನೂ ಸಿಗದು. ಆದರೆ ವಾಕ್ಯ ಕನ್ನಡದ್ದಾಗಿದ್ದರೆ ಕೆಲವು ಅನುಕೂಲಗಳು ಪುಕ್ಕಟೆಯಾಗಿ ಸಿಗುತ್ತವೆ, ಮತ್ತು ಅವುಗಳ ಬಗ್ಗೆ ಯಾವ ಪುಸ್ತಕದಲ್ಲೂ ಬರೆದದ್ದನ್ನು ನಾನು ಓದಿಲ್ಲವಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ.

ಮೊದಲನೆಯದು ‘ಅಂತೆ’. ಜಿಎಂ ಹೇಳಿದ ಮಾತಿನಲ್ಲಿ ಯಾವುದು ಸತ್ಯ, ಯಾವುದು ವದಂತಿ ಎಂಬ ಗೊಂದಲ ಎಲ್ಲ ಮೇಜುಗಳಲ್ಲೂ ಇದ್ದದ್ದೇ. ಕನ್ನಡದಲ್ಲಿ “ಬಂಗಲೆಯಲ್ಲಿ ದೀಪ ಉರಿಯುತ್ತಿದೆ” ಎಂದರೆ ಉರಿಯುತ್ತಿದೆ. “ಉರಿಯುತ್ತಿದೆಯಂತೆ” ಎಂದರೆ ಯಾರೋ ಹೇಳಿದ್ದು. “ಉರಿಯುತ್ತಿರುವಂತೆ ಕಾಣುತ್ತದೆ” ಎಂದರೆ ಕಣ್ಣು ಮೋಸಹೋಗಿರಬಹುದು. ಜಿಎಂ ಈ ಮೂರನ್ನೂ ಬೆರಕೆ ಮಾಡದೆ ಆಡಿದರೆ, ಸುಳ್ಳು ಹೇಳದೆಯೇ ಅನುಮಾನ ಹುಟ್ಟಿಸಬಹುದು. ನಿಮ್ಮ ಬರಿಯ ‘ಇದೆ’ಯನ್ನು ಆಟಗಾರರು ಕಣ್ಣುಮುಚ್ಚಿ ನಂಬುವಂತಿರಬೇಕು, ಅಲ್ಲಿ ಒಮ್ಮೆ ಮೋಸ ಮಾಡಿದರೆ ಮುಂದೆ ಹಳ್ಳದ ಆಳವನ್ನೂ ಅವರು ನಂಬುವುದಿಲ್ಲ.

ಎರಡನೆಯದು ‘ನಿಮಗೆ’. ಭಯ, ಕೋಪ, ನಾಚಿಕೆಗಳು ಕನ್ನಡದಲ್ಲಿ ಚತುರ್ಥಿಯಲ್ಲಿ ಬರುತ್ತವೆ: ನನಗೆ ಭಯವಾಯಿತು, ನನಗೆ ಸಿಟ್ಟು ಬಂತು. ಕಥೆ ಹೇಳುವ ಹುಮ್ಮಸ್ಸಿನಲ್ಲಿ ಜಿಎಂ ಬಾಯಿಂದ “ನಿಮಗೆ ಭಯವಾಗುತ್ತದೆ” ಎಂಬ ವಾಕ್ಯ ತೀರಾ ಸುಲಭವಾಗಿ ಜಾರುತ್ತದೆ, ಏಕೆಂದರೆ ಈ ವಾಕ್ಯದಲ್ಲಿ ಭಯವು ಮಳೆಯಂತೆ ಹೊರಗಿನಿಂದ ಬಂದ ಸಂಗತಿಯಾಗಿಯೇ ಕೇಳಿಸುತ್ತದೆ. ಆದರೆ ಪಾತ್ರದ ಒಳಗು ಆಟಗಾರರದ್ದು. ಜಿಎಂ ಹೇಳಬಹುದಾದ್ದು “ಬಂಗಲೆಯ ಒಳಗಿನಿಂದ ಯಾರೋ ಬಾಗಿಲಿಗೆ ಬೆನ್ನು ಉಜ್ಜಿದ ಸದ್ದು ಕೇಳಿಸಿತು” ಎಂಬಷ್ಟೇ; “ನನಗೆ ಭಯವಾಯಿತು” ಎಂಬುದನ್ನು ಅವರೇ ಹೇಳಲಿ, ಅಥವಾ ಹೇಳದೆ ಬಿಡಲಿ.

ಮೂರನೆಯದು ಏಕವಚನ ಬಹುವಚನ. ಅಭಿನಯ ಬಾರದ ಜಿಎಂ ಕೂಡ ಇದೊಂದರಿಂದ ಪಾತ್ರಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಬಹುದು. ಅಲ್ಲಿಯವರೆಗೆ “ಸಾರ್, ನೀವು ಒಳಗೆ ಕೂತ್ಕೊಳ್ಳಿ” ಎನ್ನುತ್ತಿದ್ದ ಕಂಡಕ್ಟರ್ ಒಮ್ಮೆಗೇ “ಏಯ್, ಕೂತ್ಕೊಳೋ” ಎಂದರೆ ಅವನಿಗೆ ಎಷ್ಟು ಸಿಟ್ಟು ಬಂದಿದೆಯೆಂದು ಯಾರೂ ವಿವರಿಸಬೇಕಿಲ್ಲ. ಅಜ್ಜನನ್ನು ಎಲ್ಲರ ಮುಂದೆ “ಯಜಮಾನ್ರೇ” ಎನ್ನುತ್ತಿದ್ದ ಯುವಕ ಬಂಗಲೆಯ ಕತ್ತಲಲ್ಲಿ “ದೊಡ್ಡಪ್ಪ” ಎಂದು ಕರೆದರೆ ಇಡೀ ಸಂಬಂಧವೇ ಹೊರಬಿದ್ದಂತೆ. ಆಗ ಮೇಜಿನಲ್ಲಿ ಆಗುವ ಮೌನವನ್ನು ನಾನು ಎರಡು ಸಲ ಅನುಭವಿಸಿದ್ದೇನೆ. ಇದಕ್ಕಾಗಿ ಪ್ರಾದೇಶಿಕ ಉಚ್ಚಾರಣೆಯನ್ನು ಅಣಕಿಸುವ ಅಗತ್ಯವಿಲ್ಲ. ನಿಮಗೆ ಸಹಜವಾಗಿ ಬರುವ ಸೀಮೆಯ ಮಾತಿದ್ದರೆ ಬಳಸಿ. ಬಾರದ ಸೀಮೆಯದನ್ನು ಹಾಸ್ಯಕ್ಕೆಂದು ತಂದರೆ ಆ ಸೀಮೆಯವರು ಮೇಜಿನಲ್ಲಿದ್ದಾಗ ಆಟ ಕಹಿಯಾಗುತ್ತದೆ.

ಇನ್ನು ‘ನಾನು’ ಎನ್ನಬೇಕೋ ‘ನನ್ನ ಪಾತ್ರ’ ಎನ್ನಬೇಕೋ ಎಂಬುದಕ್ಕೆ ನಿಯಮ ಬೇಡ. ಹೊಸಬರು “ಅವಳು ಹೋಗಿ ಕೇಳುತ್ತಾಳೆ” ಎಂದು ಶುರುಮಾಡಿ, ಅರ್ಧ ಗಂಟೆಯ ನಂತರ ತಮಗರಿವಿಲ್ಲದೆ “ನಾನು ಬಿಡುವುದಿಲ್ಲ” ಎನ್ನತೊಡಗುತ್ತಾರೆ. ತಿದ್ದಲು ಹೋಗಬೇಡಿ.

ನಿಲ್ಲಿಸುವುದು

ಮೂರು ಗಂಟೆ ಮುಗಿಯುತ್ತಾ ಬಂದಾಗ ಕಥೆ ಮುಗಿಸುವ ಅವಸರ ಬೇಡ. ಮುಂದಿನ ವಾರವೂ ಕೂಡುವುದಿದ್ದರೆ, ಯಾರಾದರೂ ಒಬ್ಬರು “ಬಾಗಿಲು ತೆಗೆಯುತ್ತೇನೆ” ಎಂದ ಕ್ಷಣದಲ್ಲಿ, ದಾಳ ಕೈಯಲ್ಲಿರುವಾಗಲೇ ಆಟ ನಿಲ್ಲಿಸಿ. ಮೂರು ಸಾಲಿನ ಟಿಪ್ಪಣಿ ಬರೆದುಕೊಳ್ಳಿ: ಯಾರು ಎಲ್ಲಿದ್ದಾರೆ, ಯಾರಿಗೆ ಏನು ಗೊತ್ತಾಗಿದೆ, ಯಾರು ಯಾವ ‘-ತ್ತೇನೆ’ ಹೇಳಿ ನಿಂತಿದ್ದಾರೆ. ಏಳುವ ಮುನ್ನ ಎಲ್ಲರನ್ನೂ ಒಂದೊಂದು ಮಾತು ಕೇಳಿ: ಇಂದು ಯಾವ ಗಳಿಗೆ ನೆನಪಿನಲ್ಲಿ ಉಳಿಯುತ್ತದೆ, ಯಾವ ಗಳಿಗೆಯಲ್ಲಿ ಬೇಸರವಾಯಿತು. ಎರಡನೆಯ ಪ್ರಶ್ನೆಗೆ ಬಂದ ಉತ್ತರವನ್ನು ಸಮರ್ಥಿಸಿಕೊಳ್ಳದೆ ಬರೆದಿಟ್ಟುಕೊಳ್ಳಿ. ಮುಂದಿನ ವಾರ ಎಲ್ಲರೂ ಕುಳಿತ ಮೇಲೆ, ಹಿಂದಿನ ಕಥೆಯನ್ನು ಉದ್ದಕ್ಕೆ ಹೇಳದೆ, ದಾಳವನ್ನು ಆ ಬಾಗಿಲಿನವರ ಕೈಗೆ ಕೊಡಿ.